ಜೇಬಿನ ಚಾಕು ಕೊಳ್ಳುವಾಗ ಯಾವುದಕ್ಕೆ ದುಡ್ಡು ಕೊಡಬೇಕು?

ನಾನು ಕೊಂಡ ಮೊದಲ ಮಡಚುವ ಚಾಕುವಿನ ಅಲಗು ನಾಲ್ಕು ಮಿಲಿಮೀಟರ್ ದಪ್ಪ ಇತ್ತು. ಕಪ್ಪು ಬಣ್ಣ, ಭಾರದ ಹಿಡಿ, ನೋಡಿದರೆ ಯುದ್ಧಕ್ಕೆ ಹೊರಟ ಹಾಗೆ. ರಟ್ಟಿನ ಡಬ್ಬ ಕತ್ತರಿಸಲು ಹೋದರೆ ಮಾತ್ರ ಅರ್ಧದಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು. ತಮಾಷೆ ಅಂದರೆ, ಅಂಚು ಹರಿತವಾಗಿಯೇ ಇತ್ತು.

ಅಂಚು ಸೀಳುವುದು ತನ್ನ ತುದಿಯಷ್ಟನ್ನು ಮಾತ್ರ. ಅದರ ಹಿಂದಿರುವ ಅಲಗು ಆ ಸೀಳಿನೊಳಗೆ ನುಗ್ಗಬೇಕು, ರಟ್ಟನ್ನು ಎರಡೂ ಕಡೆ ತಳ್ಳಬೇಕು. ದಪ್ಪ ಜಾಸ್ತಿಯಾದರೆ ಅದು ಚಾಕು ಅಲ್ಲ, ಬೆಣೆ. ಫ್ರಾನ್ಸಿನಲ್ಲಿ 1890ರಲ್ಲಿ ಶುರುವಾದ ಒಪಿನೆಲ್ ಚಾಕುವಿಗೆ ಇರುವುದು ಒಂದು ಮರದ ಹಿಡಿ, ಒಂದು ತೆಳು ಅಲಗು. ತನಗಿಂತ ಎಷ್ಟೋ ದುಬಾರಿಯಾದ ದಪ್ಪ ಚಾಕುಗಳಿಗಿಂತ ಅದು ಸಲೀಸಾಗಿ ಕತ್ತರಿಸುತ್ತದೆ.

ಇನ್ನು ಉಕ್ಕು. ಎಲ್ಲರೂ ಮೊದಲು ಕೇಳುವುದು ಇದನ್ನೇ, ಅಲ್ವಾ? 8ಸಿಆರ್13ಎಂಒವಿ ಅಂತ ಬರೆದಿದ್ದರೆ ಹೆದರಬೇಡಿ, ಅದು ಬರೀ ಪಾಕಪಟ್ಟಿ: ಸುಮಾರು 0.8% ಕಾರ್ಬನ್, 13% ಕ್ರೋಮಿಯಂ, ಚೂರು ಮಾಲಿಬ್ಡಿನಂ ಮತ್ತು ವನೇಡಿಯಂ. ಆದರೆ ಪಾಕಪಟ್ಟಿ ಇದ್ದರೆ ಸಾಕೇ, ಹದ ಬೇಡವೇ? ಇಂಥ ಸ್ಟೇನ್‌ಲೆಸ್ ಉಕ್ಕನ್ನು 1000 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿ ಥಟ್ಟನೆ ತಣ್ಣಗಾಗಿಸಿದಾಗ ಕಾರ್ಬನ್ ಪರಮಾಣುಗಳಿಗೆ ಜಾಗ ಬಿಟ್ಟು ಹೋಗಲು ಪುರುಸೊತ್ತೇ ಸಿಗುವುದಿಲ್ಲ, ಅವು ಕಬ್ಬಿಣದ ಪರಮಾಣುಗಳ ಸಾಲಿನ ನಡುವೆ ಸಿಕ್ಕಿಬಿದ್ದು ಇಡೀ ಜೋಡಣೆಯನ್ನೇ ಬಿಗಿ ಮಾಡಿಬಿಡುತ್ತವೆ. ಈ ಸ್ಥಿತಿಗೆ ಮಾರ್ಟೆನ್ಸೈಟ್ ಅಂತ ಹೆಸರು. ಗಟ್ಟಿ ಹೌದು, ಆದರೆ ಸುಲಭವಾಗಿ ಮುರಿಯುತ್ತದೆ. ಅದಕ್ಕೇ ಮತ್ತೊಮ್ಮೆ ಹಗುರವಾಗಿ ಕಾಯಿಸಿ ಹದಕ್ಕೆ ತರುತ್ತಾರೆ. ಇಲ್ಲಿ ಕೈ ತಪ್ಪಿದರೆ ಎಂಥಾ ಉಕ್ಕಾದರೂ ಅಂಚು ಮಡಚಿಕೊಳ್ಳುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ.

ಸ್ವಿಸ್ ಚಾಕು ತಯಾರಕ ವಿಕ್ಟೋರಿನಾಕ್ಸ್‌ನ ಅಲಗಿನ ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ ಸುಮಾರು 56. ಇದೇನೂ ದೊಡ್ಡ ಅಂಕಿಯಲ್ಲ, 60 ದಾಟಿದ ಚಾಕುಗಳು ಬೇಕಾದಷ್ಟಿವೆ. ಇದು ಬೇಗ ಮೊಂಡಾಗುತ್ತದೆ ನಿಜ, ಆದರೆ ಸಾದಾ ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಮತ್ತೆ ಹರಿತ. ಡಿ2 ಉಕ್ಕು ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ 12% ಕ್ರೋಮಿಯಂ ಇದ್ದರೂ ಒಂದು ಪಾಲು ಕಾರ್ಬನ್ ಜೊತೆ ಸೇರಿ ಗಟ್ಟಿ ಕಾರ್ಬೈಡ್ ಕಣಗಳಾಗಿಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಕಮ್ಮಿ. ಹರಿತ ತುಂಬಾ ದಿನ ನಿಲ್ಲುತ್ತದೆ, ಸಾಣೆ ಹಿಡಿಯಲು ಕೂತರೆ ಮಾತ್ರ ತೋಳು ಬಿದ್ದುಹೋಗುತ್ತದೆ.

ಹದ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ನನ್ನ ಪ್ರಕಾರ ಹೆಸರು ದಿಕ್ಕಿಲ್ಲದವರು ಮಾರುವ ಭಾರೀ ಉಕ್ಕಿಗಿಂತ, ಹಳೆಯ ತಯಾರಕರ ಸಾಧಾರಣ ಉಕ್ಕೇ ವಾಸಿ.

ಕಾಣುವುದನ್ನಾದರೂ ನೋಡಿ. ಅಲಗು ಬಿಚ್ಚಿ ಅಕ್ಕಪಕ್ಕ ಅಲ್ಲಾಡಿಸಿ, ಸಡಿಲ ಇರಬಾರದು. ಮಡಚಿದಾಗ ಹಿಡಿಯ ನಡುವೆ ಕೂರಬೇಕು. ಬಿಚ್ಚಿದ ಅಲಗು ಮಡಚಿಕೊಳ್ಳದಂತೆ ಹಿಡಿದಿಡುವ ಲಾಕ್ ಇದ್ದರೆ, ಬೆರಳುಗಳನ್ನು ಅಲಗಿನ ದಾರಿಯಿಂದ ದೂರ ಇಟ್ಟುಕೊಂಡು ಅಲಗಿನ ಬೆನ್ನನ್ನು ಒತ್ತಿ ನೋಡಿ. ಬಿಟ್ಟುಕೊಟ್ಟರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಲಾಕ್ ಇರುವ ಚಾಕು ಜೇಬಿನಲ್ಲಿ ಇಟ್ಟುಕೊಳ್ಳಲು ಕೆಲವು ದೇಶಗಳಲ್ಲಿ ನಿರ್ಬಂಧವಿದೆ, ಅದನ್ನೂ ವಿಚಾರಿಸಿಕೊಳ್ಳಿ. ಉಳಿದ ದುಡ್ಡಿಗೆ ಒಂದು ಸಾಣೆಕಲ್ಲು ತನ್ನಿ. ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಕೋನ ಹಿಡಿದು, ಆಚೆ ಬದಿಯಲ್ಲಿ ಉಗುರಿಗೆ ಸಣ್ಣ ತರಿ ತಗಲುವ ತನಕ ತಿಕ್ಕಿ, ಆಮೇಲೆ ಮಗುಚಿ ಇನ್ನೊಂದು ಬದಿ.