ಎಪಿಡಾರಸ್ ಉತ್ಸವ, ಮತ್ತು ನನ್ನನ್ನು ಕಾಡಿದ ಕ್ರಿ.ಪೂ. ಲೆಕ್ಕ

ರಂಗಭೂಮಿಯ ಇತಿಹಾಸ ಓದುವಾಗ ಬರೆದುಕೊಂಡ ಟಿಪ್ಪಣಿ ಇದು. ಒಂದು ವಿಷಯ ನಿನ್ನೆ ರಾತ್ರಿಯಷ್ಟೇ ತಲೆಗೆ ಹತ್ತಿತು. ಮತ್ತೆ ಜಾರಿಹೋಗುವ ಮುಂಚೆ ಬರೆದಿಡುತ್ತಿದ್ದೇನೆ.

ಉತ್ಸವ

ಅಥೆನ್ಸ್ ಎಪಿಡಾರಸ್ ಉತ್ಸವ ಗ್ರೀಸ್‌ನಲ್ಲಿ ಪ್ರತಿ ಬೇಸಿಗೆ ನಡೆಯುತ್ತದೆ. ಶುರುವಾಗಿದ್ದು 1955ರಲ್ಲಿ. ಮೊದಲಿನಿಂದ ಹೆಸರಾದ ಜಾಗಗಳು ಎರಡು. ಒಂದು, ಅಥೆನ್ಸ್‌ನ ಅಕ್ರೊಪೊಲಿಸ್ ಬೆಟ್ಟದ ಬುಡದಲ್ಲಿರುವ ಹೆರೊಡ್ಸ್ ಅಟಿಕಸ್ ಓಡಿಯನ್ (ಓಡಿಯನ್ ಅಂದರೆ ಸಂಗೀತ ಮಂದಿರ). ಇಲ್ಲಿ ಸಂಗೀತ ಜಾಸ್ತಿ. ಇನ್ನೊಂದು, ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕ್ಷೇತ್ರದಲ್ಲಿರುವ ಎಪಿಡಾರಸ್ ರಂಗಮಂದಿರ. ಇಲ್ಲಿ ಮುಖ್ಯವಾಗಿ ಹಳೆಯ ಗ್ರೀಕ್ ನಾಟಕಗಳು. ಆದರೂ ಮರಿಯಾ ಕಲಾಸ್ 1960ರಲ್ಲಿ ‘ನಾರ್ಮಾ’ ಒಪೆರಾ ಹಾಡಿದ್ದು ಇಲ್ಲೇ.

ಎಪಿಡಾರಸ್‌ನಲ್ಲಿ ಪ್ರೇಕ್ಷಕರು ಕೂರಲು ಕೆಳಗೆ 34 ಸಾಲು ಕಲ್ಲಿನ ಮೆಟ್ಟಿಲು, ಮೇಲೆ 21. ಒಟ್ಟು 55. ನಾಟಕ ಕತ್ತಲಾದ ಮೇಲೆ, ದೀಪದ ಬೆಳಕಿನಲ್ಲಿ. ಹಳೆಯ ಕಾಲದಲ್ಲಿ ಹಾಗಿರಲಿಲ್ಲ. ಅಥೆನ್ಸ್‌ನಲ್ಲಿ ದ್ರಾಕ್ಷಾರಸದ ದೇವತೆ ಡಯೊನೈಸಸ್‌ನ ಹಬ್ಬ ವಸಂತದಲ್ಲಿ ಬರುತ್ತಿತ್ತು, ನಾಟಕಗಳು ಹಗಲಲ್ಲೇ ನಡೆಯುತ್ತಿದ್ದವು. ಬೇಸಿಗೆ, ರಾತ್ರಿ, ದೀಪ, ಇವೆಲ್ಲ ಈಗಿನವರ ಏರ್ಪಾಡು.

ಎಡವಿದ್ದು ಇಲ್ಲಿ

ನನ್ನ ಹಳೆಯ ನೋಟ್ಸ್‌ನಲ್ಲಿ ಹೀಗಿತ್ತು: ‘ಸೊಫೊಕ್ಲಿಸ್ ತನ್ನ ನಾಟಕಗಳನ್ನು ಎಪಿಡಾರಸ್‌ನಲ್ಲಿ ಆಡಿಸಿದ.’ ಪೂರ್ತಿ ತಪ್ಪು. ಈ ಹಳೆಯ ಗ್ರೀಕ್ ನಾಟಕಕಾರ ತೀರಿಕೊಂಡದ್ದು ಕ್ರಿ.ಪೂ. 406ರ ಸುಮಾರಿಗೆ. ರಂಗಮಂದಿರ ಕಟ್ಟಿದ್ದು ಕ್ರಿ.ಪೂ. 4ನೇ ಶತಮಾನದ ಕೊನೆಯ ಭಾಗದಲ್ಲಿ. ನಾನು ಮಾಡಿದ್ದೇನು? 4 ಅಂದ ತಕ್ಷಣ ‘ನಾನೂರು ಚಿಲ್ಲರೆ’ ಅಂದುಕೊಂಡೆ. ನಾನೂರು ಚಿಲ್ಲರೆಯೊಳಗೆ 406 ಸರಿಯಾಗಿ ಕೂತುಬಿಟ್ಟಿತು!

ನಿಧಾನವಾಗಿ ನೋಡೋಣ. ಕ್ರಿ.ಪೂ. ಲೆಕ್ಕ ಸಾಲ ತೀರಿಸಿದ ಹಾಗೆ. ದಿನ ಕಳೆದಂತೆ ಸಂಖ್ಯೆ ಇಳಿಯುತ್ತದೆ. 406 ಆದಮೇಲೆ 405, ಆಮೇಲೆ 404. ಹಾಗಾಗಿ 4ನೇ ಶತಮಾನ ಶುರುವಾಗುವುದು 400ರಲ್ಲಿ, ಮುಗಿಯುವುದು 301ರಲ್ಲಿ. ‘ಕೊನೆಯ ಭಾಗ’ ಅಂದರೆ 390 ಅಲ್ಲ, 301ರ ಕಡೆಗೆ. ಅಂದರೆ ಸೊಫೊಕ್ಲಿಸ್ ಸತ್ತು ಎರಡು ಮೂರು ತಲೆಮಾರು ಕಳೆದ ಮೇಲೆ ಈ ರಂಗಮಂದಿರ ಎದ್ದದ್ದು. ಇನ್ನಿಬ್ಬರು ಗ್ರೀಕ್ ನಾಟಕಕಾರರಾದ ಈಸ್ಕಿಲಸ್, ಯೂರಿಪಿಡೀಸ್ ಕೂಡ ಇದನ್ನು ನೋಡಲಿಲ್ಲ. ಅವರ ನಾಟಕಗಳು ಹೆಚ್ಚಾಗಿ ಮೊದಲು ಕಂಡದ್ದು ಅಥೆನ್ಸ್‌ನ ಡಯೊನೈಸಸ್ ರಂಗಮಂದಿರವನ್ನು.

ನನ್ನ ಅಡ್ಡದಾರಿ: ಶತಮಾನದ ಸಂಖ್ಯೆಯ ಮುಂದೆ ಎರಡು ಸೊನ್ನೆ ಹಾಕಿ. ಕ್ರಿ.ಪೂ. ಆದರೆ ಅದು ಶುರುವಾಗುವ ವರ್ಷ (4ನೇದು, 400). ಕ್ರಿ.ಶ. ಆದರೆ ಅದು ಮುಗಿಯುವ ವರ್ಷ (20ನೇದು, 2000). ಹೆರೊಡ್ಸ್ ಅಟಿಕಸ್ ಓಡಿಯನ್ ಕಟ್ಟಿದ್ದು ಕ್ರಿ.ಶ. 161ರ ಸುಮಾರಿಗೆ, ಅಂದರೆ ಕ್ರಿ.ಶ. 2ನೇ ಶತಮಾನ. ಆಗ ಅಥೆನ್ಸ್ ರೋಮನ್ನರ ಕೈಯಲ್ಲಿತ್ತು. ಒಂದೇ ಉತ್ಸವದ ಎರಡು ಜಾಗಗಳ ನಡುವೆ ಸುಮಾರು ಐದು ಶತಮಾನದ ಅಂತರ!

ಸೊನ್ನೆ ಇಲ್ಲದ ಲೆಕ್ಕ

ಇದು ಪರೀಕ್ಷೆಗೆ ಬರುತ್ತೋ ಇಲ್ಲವೋ, ನನಗೆ ತುಂಬ ಇಷ್ಟವಾಯಿತು. 2020ರ ಜುಲೈ 25ರಂದು ಗ್ರೀಸ್‌ನ ರಾಷ್ಟ್ರೀಯ ರಂಗಸಂಸ್ಥೆ ಈಸ್ಕಿಲಸ್‌ನ ‘ಪರ್ಷಿಯನ್ನರು’ ನಾಟಕವನ್ನು ಎಪಿಡಾರಸ್‌ನಿಂದ ಇಂಟರ್ನೆಟ್‌ನಲ್ಲಿ ನೇರ ಪ್ರಸಾರ ಮಾಡಿತು. ಬಿ.ಎಂ.ಶ್ರೀ ಅವರ ‘ಪಾರಸಿಕರು’ ಇದೇ ನಾಟಕದ ಕನ್ನಡ ರೂಪ. ಸಲಾಮಿಸ್ ಸಮುದ್ರಯುದ್ಧದಲ್ಲಿ ಪರ್ಷಿಯಾ ಸೋತ ಸುದ್ದಿ ಅದರ ಅರಮನೆಗೆ ತಲುಪುವ ಕಥೆ. ಗೆದ್ದವರ ಊರಲ್ಲಿ ಸೋತವರ ಅಳುವನ್ನು ಆಡಿ ತೋರಿಸುವುದು ಸಣ್ಣ ಮಾತಲ್ಲ. ಯುದ್ಧ ನಡೆದದ್ದು ಕ್ರಿ.ಪೂ. 480, ನಾಟಕ ಬಂದದ್ದು 472. ಎಂಟೇ ವರ್ಷ!

2020ರಲ್ಲಿ ಗ್ರೀಸ್‌ನಲ್ಲಿ ಯುದ್ಧಕ್ಕೆ 2500 ವರ್ಷ ತುಂಬಿತು ಅಂತ ಆಚರಣೆಯೂ ಇತ್ತು. 480 + 2020 = 2500. ಸರಿ ಕಾಣುತ್ತೆ, ಅಲ್ವಾ? ಆದರೆ ಸೊನ್ನೆ ಅನ್ನುವ ವರ್ಷವೇ ಇಲ್ಲ. ಕ್ರಿ.ಪೂ. 1 ಮುಗಿದ ಮರುದಿನ ಕ್ರಿ.ಶ. 1. ನೆಲಮಹಡಿಯೇ ಇಲ್ಲದ ಕಟ್ಟಡ ಅಂದುಕೊಳ್ಳಿ. ಬೇಸ್‌ಮೆಂಟ್ 1ರಿಂದ ಒಂದು ಮೆಟ್ಟಿಲಸಾಲು ಹತ್ತಿದರೆ ಸೀದಾ ಮಹಡಿ 1. ಕೂಡಿದರೆ 1 + 1 = 2, ಹತ್ತಿದ್ದು ಮಾತ್ರ ಒಂದೇ. ಹಾಗಾಗಿ ಈ ಕಡೆಯಿಂದ ಆ ಕಡೆಗೆ ದಾಟುವಾಗ ಕೂಡಿ, ಒಂದು ಕಳೆಯಬೇಕು. 480 + 2020 − 1 = 2499. ಲೆಕ್ಕದ ಪ್ರಕಾರ 2500 ತುಂಬಿದ್ದು 2021ರಲ್ಲಿ. ನಾಟಕಕ್ಕೆ ತುಂಬುವುದು 2029ರಲ್ಲಿ. ಸುಮ್ನೆ ನಂಬಬೇಡಿ, ಮಾಡಿ ನೋಡಿ.

ಎರಡೂ ವರ್ಷ ಒಂದೇ ಕಡೆ ಇದ್ದರೆ ಈ ಒಂದನ್ನು ಕಳೆಯಬೇಡಿ. ಸೊಫೊಕ್ಲಿಸ್ ಹುಟ್ಟಿದ್ದು ಸುಮಾರು 496, ಸತ್ತದ್ದು 406. ವಯಸ್ಸು 90ರ ಹತ್ತಿರ, ಅಷ್ಟೇ. ನಾನು ಉತ್ಸಾಹದಲ್ಲಿ ಇಲ್ಲೂ ಒಂದು ಕಳೆದಿದ್ದೆ.

ಉಳಿದ ಪದಗಳು, ಬೇಗ ಬೇಗ

ಆರ್ಕೆಸ್ಟ್ರಾ: ವಾದ್ಯದವರ ಗುಂಪಲ್ಲ. ಮೇಳದವರು ಕುಣಿದು ಹಾಡುವ ದುಂಡನೆಯ ಅಂಗಳ. ಎಪಿಡಾರಸ್‌ನಲ್ಲಿ ಸುಮಾರು 20 ಮೀಟರ್ ಅಡ್ಡಳತೆ.

ಸ್ಕೀನೆ: ಅದರ ಹಿಂದಿನ ಕಟ್ಟಡ. ಮೂಲ ಅರ್ಥ ಡೇರೆ.

ಔಲೋಸ್: ಮೇಳದ ಹಾಡಿಗೆ ಜೊತೆ ಕೊಡುತ್ತಿದ್ದ ಜೋಡಿ ಕೊಳವೆಯ ವಾದ್ಯ. ಹಳೆಯ ರಾಗಗಳು ಬಹುಪಾಲು ಕಳೆದುಹೋಗಿವೆ. ಅದಕ್ಕೇ ಈಗ ಒಂದೊಂದು ಪ್ರಯೋಗಕ್ಕೂ ಹೊಸದಾಗಿ ಸಂಗೀತ ಕಟ್ಟುತ್ತಾರೆ.

ಪರೋಡೋಸ್: ಇದಕ್ಕೆ ಎರಡು ಅರ್ಥ. ಮೇಳ ಒಳಬರುವ ಪಕ್ಕದ ದಾರಿಯೂ ಅದೇ, ಬರುತ್ತಾ ಹಾಡುವ ಹಾಡೂ ಅದೇ. ಪ್ರಶ್ನೆಯಲ್ಲಿ ಕಟ್ಟಡದ ಮಾತಿದ್ದರೆ ದಾರಿ, ನಾಟಕದ ಭಾಗಗಳ ಮಾತಿದ್ದರೆ ಹಾಡು.