ಕೋಡ್‌ನಿಂದ ಹರಟೆಗೆ ಇಳಿದ ಸ್ಲ್ಯಾಶ್

'ಆಹಾ, ಬೆಂಗಳೂರಿನ ರಸ್ತೆಯಲ್ಲಿ ಒಂದು ಗುಂಡಿಯೂ ಇಲ್ಲ ಬಿಡಿ /ಎಸ್.' ಇಂಥ ಸಾಲಿಗೆ ಅಂಟಿರುವ ಬಾಲವನ್ನು ನೀವು ನೋಡಿರಬಹುದು. ಎಸ್ ಅಂದರೆ ಸಾರ್ಕಾಸಂ. ಕೊಂಕು ಮಾತು, ನಿಜ ಅಂದುಕೊಳ್ಳಬೇಡಿ ಅಂತ ಸೂಚನೆ. ಎದುರಿಗೆ ಕೂತಿದ್ದರೆ ಎಳೆದು ಹೇಳುವ ಒಂದು 'ಹೌದೌದು' ಸಾಕಿತ್ತು. ಟೈಪ್ ಮಾಡಿದ ಮಾತಿಗೆ ಆ ರಾಗ ಇಲ್ಲವಲ್ಲ.

ಈ ಬಾಲ ಎಚ್‌ಟಿಎಂಎಲ್‌ನದು. 1990ರ ದಶಕದ ಆರಂಭದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ ಪುಟಗಳಿಗಾಗಿ ರೂಪಿಸಿದ ಭಾಷೆ ಅದು. ಅಕ್ಷರ ದಪ್ಪ ಕಾಣಬೇಕಾದರೆ ಮೊದಲು <ಬಿ> ಹಾಕಿ, ಕೊನೆಗೆ </ಬಿ> ಹಾಕಬೇಕು. ಇಂಥ ಗುರುತಿಗೆ ಟ್ಯಾಗ್ ಅನ್ನುತ್ತಾರೆ. ಅದರಲ್ಲಿ ಸ್ಲ್ಯಾಶ್, ಅಂದರೆ ಓರೆ ಗೆರೆ, ಬಂತು ಅಂದರೆ ಇಲ್ಲಿಗೆ ಮುಗಿಯಿತು. ಇದು ಕೈಗೆ ಅಭ್ಯಾಸವಾದವರು ಕೊಂಕು ಆಡಿದ ಮೇಲೆ </ಸಾರ್ಕಾಸಂ> ಅಂತ ಬರೆಯತೊಡಗಿದರು. ಎಚ್‌ಟಿಎಂಎಲ್‌ನಲ್ಲಿ ಅಂಥ ಟ್ಯಾಗ್ ಇಲ್ಲವೇ ಇಲ್ಲ. ಮಜಾ ಇದ್ದದ್ದೇ ಅಲ್ಲಿ. ಶುರುವಿನ ಟ್ಯಾಗ್ ಯಾಕೆ ಬಿದ್ದುಹೋಯಿತು? ಕೊಂಕು ಅಂತ ಮೊದಲೇ ಸಾರಿದರೆ ಅದರಲ್ಲಿ ಸ್ವಾರಸ್ಯ ಏನುಳಿಯಿತು, ಅಲ್ವಾ? ಬರಬರುತ್ತಾ ಕಂಸಗಳೂ ಹೋದವು, ಒಂದು ಗೆರೆ, ಒಂದು ಅಕ್ಷರ ಉಳಿದವು.

ಪ್ರೋಗ್ರಾಮರ್‌ಗಳ ಹರಟೆಯಲ್ಲಿ ಇನ್ನೂ ಹಳೆಯ ಸ್ಲ್ಯಾಶ್ ಒಂದಿದೆ. 'ನಾಳೆ ಸಿಗೋಣ' ಅಂತ ಕಳಿಸಿ, ಹಿಂದೆಯೇ 'ಎಸ್/ನಾಳೆ/ನಾಡಿದ್ದು/' ಅಂತ ಬರೆದರೆ ಮೊದಲಿನ ಪದದ ಜಾಗದಲ್ಲಿ ಎರಡನೆಯದನ್ನು ಓದಿಕೊಳ್ಳಿ ಅಂತ. ಇಲ್ಲಿ ಎಸ್ ಅಂದರೆ ಸಬ್‌ಸ್ಟಿಟ್ಯೂಟ್, ಕೊಂಕಿಗೂ ಇದಕ್ಕೂ ಸಂಬಂಧವಿಲ್ಲ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಬರೆದ 'ಇಡಿ' ಎಂಬ ಎಡಿಟರ್‌ನಿಂದ, ಅಂದರೆ ಬರಹ ತಿದ್ದುವ ಪ್ರೋಗ್ರಾಮಿನಿಂದ, ಈ ಬಗೆ ಹರಡಿತು. ಆಗ ಕಂಪ್ಯೂಟರ್ ಬಳಸುತ್ತಿದ್ದದ್ದು ಟೆಲಿಟೈಪ್ ಎಂಬ ಟೈಪಿಂಗ್ ಯಂತ್ರದಿಂದ. ಅದಕ್ಕೆ ಪರದೆಯೇ ಇರಲಿಲ್ಲ, ಎಲ್ಲವೂ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಕರ್ಸರ್ ಒಯ್ದು ತಪ್ಪಿನ ಮೇಲೆ ಇಡುವಂತಿಲ್ಲ. ಯಾವ ಪದ ತೆಗೆದು ಯಾವುದನ್ನು ಹಾಕಬೇಕು ಅಂತ ಬರೆದೇ ತಿಳಿಸಬೇಕಿತ್ತು.

1988ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಐಆರ್‌ಸಿ ಚಾಟ್‌ನಲ್ಲೂ ಅದೇ ಪಾಡು. ಒಮ್ಮೆ ಕಳಿಸಿದ ಸಾಲನ್ನು ತಿದ್ದುವಂತಿರಲಿಲ್ಲ, ಹಳೆಯ ಉಪಾಯ ಅಲ್ಲಿ ಹಾಗೇ ಒಗ್ಗಿತು. (ಅಲ್ಲಿ ಚಾನೆಲ್, ಅಂದರೆ ಹರಟೆ ಗುಂಪಿನ, ಹೆಸರಿನ ಮುಂದೆ ಇರುತ್ತಿದ್ದ # ಗುರುತನ್ನೇ ನೋಡಿ 2007ರಲ್ಲಿ ಕ್ರಿಸ್ ಮೆಸಿನಾ ಟ್ವಿಟರ್‌ಗೆ ಹ್ಯಾಶ್‌ಟ್ಯಾಗ್ ಸೂಚಿಸಿದ್ದು.)

ಕೋಡ್ ಗೊತ್ತಿಲ್ಲದವರಿಗೆ ಮೂರು ಮೂರು ಸ್ಲ್ಯಾಶ್ ಕಿರಿಕಿರಿಯೇ. ಅವರು ಸುಮ್ನೆ '*ನಾಡಿದ್ದು' ಅಂತ ಒಂದು ನಕ್ಷತ್ರ ಹಾಕಿ ಮುಗಿಸುತ್ತಾರೆ. 2023ರಲ್ಲಿ ವಾಟ್ಸಾಪ್ ಕಳಿಸಿದ ಮೆಸೇಜನ್ನು ತಿದ್ದುವ ಸೌಲಭ್ಯ ಕೊಟ್ಟಿತು. ಆದರೆ ಅದು 15 ನಿಮಿಷದೊಳಗೆ ಮಾತ್ರ. ಆಮೇಲೆ ತಪ್ಪು ಕಂಡರೆ ನಕ್ಷತ್ರವೇ ಗತಿ.