ಉರುಳಿಗೆ ಬಿದ್ದ ಕಾಡು

ಉಪಗ್ರಹದ ಕಣ್ಣಿಗೆ ಕಾಡೆಂದರೆ ಎಲೆಯ ಹಸಿರು, ಅಷ್ಟೇ. ಮರ ಕಡಿದರೆ ಆ ಹಸಿರಿನಲ್ಲಿ ತೂತು ಬೀಳುತ್ತದೆ. ಎಲ್ಲೋ ಕುಳಿತವರ ಕಂಪ್ಯೂಟರಿಗೆ ಎಚ್ಚರಿಕೆ ತಲುಪುತ್ತದೆ. ಆದರೆ ಮರದಡಿಯ ಜಿಂಕೆ, ಹಂದಿ, ಪುನುಗು ಬೆಕ್ಕುಗಳನ್ನು ಒಂದೊಂದಾಗಿ ಹಿಡಿದು ಮುಗಿಸಿದರೂ ಆ ಚಿತ್ರದಲ್ಲಿ ಏನೂ ಬದಲಾಗುವುದಿಲ್ಲ. ಇಂಥ ಸ್ಥಿತಿಯನ್ನು 1992ರಲ್ಲಿ ಜೀವವಿಜ್ಞಾನಿ ಕೆಂಟ್ ರೆಡ್‌ಫೋರ್ಡ್ 'ಖಾಲಿ ಕಾಡು' ಎಂದು ಕರೆದರು. ಉಷ್ಣವಲಯದ ಎಷ್ಟೋ ರಕ್ಷಿತಾರಣ್ಯಗಳು ಇಂದು ಆ ದಾರಿಯಲ್ಲಿವೆ.

ಖಾಲಿ ಮಾಡುವ ಸಾಧನ ಬಂದೂಕೇ ಆಗಬೇಕಿಲ್ಲ. ಬೈಕಿನ ಬ್ರೇಕಿಗೆ ಹಾಕುವ ತಂತಿ ಸಾಕು. ಪ್ರಾಣಿಗಳು ನಡೆದಾಡುವ ಹಾದಿಯಲ್ಲಿ ಎಳೆಯ ಗಿಡವೊಂದನ್ನು ಬಗ್ಗಿಸಿ, ಅದರ ತುದಿಗೆ ತಂತಿಯ ಕುಣಿಕೆ ಕಟ್ಟಿ, ಕಡ್ಡಿಯೊಂದರಿಂದ ತಡೆಹಿಡಿದರೆ ಉರುಳು ಸಿದ್ಧ. ಕಾಲಿಟ್ಟೊಡನೆ ಕಡ್ಡಿ ಜಾರುತ್ತದೆ, ಗಿಡ ಚಿಮ್ಮುತ್ತದೆ, ಕುಣಿಕೆ ಬಿಗಿಯುತ್ತದೆ. ಸೊಪ್ಪುಸದೆಯ ತಡೆಬೇಲಿಯನ್ನು ಉದ್ದಕ್ಕೂ ಕಟ್ಟಿ, ನಡುನಡುವೆ ಬಿಟ್ಟ ಕಿಂಡಿಗಳಲ್ಲಿ ಒಂದೊಂದು ಉರುಳಿಡುವುದೂ ಉಂಟು. ಬೇಕಾದದ್ದು ಹಂದಿ, ಸಿಕ್ಕಿದ್ದು ಕರಡಿ ಎನ್ನುವುದು ತಂತಿಗೆ ತಿಳಿಯದು. ಇಟ್ಟವನು ಮರೆತರೂ ಅದು ತಿಂಗಳುಗಟ್ಟಲೆ ಕಾಯುತ್ತಲೇ ಇರುತ್ತದೆ.

ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂಗಳ ರಕ್ಷಿತ ಪ್ರದೇಶಗಳಲ್ಲಿ ಇಂಥ ಸುಮಾರು 1.23 ಕೋಟಿ ಉರುಳುಗಳಿವೆ ಎಂದು 2020ರಲ್ಲಿ ಪ್ರಕಟವಾದ ವಿಶ್ವ ವನ್ಯಜೀವಿ ನಿಧಿಯ ವರದಿ ಅಂದಾಜಿಸಿತು. ಲಾವೋಸ್ ಮತ್ತು ವಿಯೆಟ್ನಾಂ ಗಡಿಯ ಅನ್ನಮೈಟ್ ಬೆಟ್ಟಸಾಲಿನ ಸಾವೊಲಾ ಎಂಬ ನೀಳ ಕೊಂಬಿನ ಪ್ರಾಣಿ ವಿಜ್ಞಾನಕ್ಕೆ ಗೊತ್ತಾದದ್ದೇ 1992ರಲ್ಲಿ. ಸ್ವಯಂಚಾಲಿತ ಕ್ಯಾಮೆರಾಗೆ ಅದು ಕೊನೆಯದಾಗಿ ಸಿಕ್ಕಿದ್ದು 2013ರಲ್ಲಿ. ಪರಿಚಯವಾಗಿ ಇನ್ನೂ ಇಪ್ಪತ್ತೈದು ವರ್ಷ ತುಂಬಿರಲಿಲ್ಲ!

ಹಾಗಾದರೆ ಉರುಳುಗಳನ್ನು ಹುಡುಕಿ ಕಿತ್ತರಾಯಿತಲ್ಲ? ಸಾವೊಲಾ ನೆಲೆಯಾಗಿದ್ದ ವಿಯೆಟ್ನಾಂನ ಕಾಡಿನಲ್ಲಿ ಅದನ್ನೇ ಮಾಡಿದರು, ಅದೂ ಹನ್ನೊಂದು ವರ್ಷ. ಕಾವಲು ಸಿಬ್ಬಂದಿ ಕಡಿದಾದ ಇಳಿಜಾರುಗಳನ್ನು ಹತ್ತಿಳಿದು ರಾಶಿ ರಾಶಿ ತಂತಿ ಹೊತ್ತು ತಂದರು. ದಾಖಲೆಗಳನ್ನು ವಿಶ್ಲೇಷಿಸಿದಾಗ, ಉರುಳು ಹಬ್ಬಿದ ಪ್ರದೇಶ ಸುಮಾರು ಶೇ. 37ರಷ್ಟು ಕುಗ್ಗಿದ್ದು ಕಂಡಿತು. ಇದು ಸಣ್ಣ ಸಾಧನೆಯಲ್ಲ. ಆದರೂ ಕಾಡಿನ ಹೆಚ್ಚುಕಡಿಮೆ ಮೂರನೇ ಒಂದು ಭಾಗದಲ್ಲಿ ಉರುಳುಗಳು ಉಳಿದೇ ಇದ್ದವು. ಲೆಕ್ಕ ಸರಳ: ತಂತಿ ಅಗ್ಗ, ಅದನ್ನು ಹುಡುಕುವ ಮನುಷ್ಯನ ದಿನ ದುಬಾರಿ. ಕಾವಲಿನವರನ್ನು ದೂರುವವರು ಒಮ್ಮೆ ಈ ಲೆಕ್ಕ ಹಾಕಿ ನೋಡಬೇಕು.

ಪ್ರಾಣಿಗಳ ಕಡೆಯಿಂದ ನೋಡಿದರೆ ಲೆಕ್ಕ ಇನ್ನೂ ಕಠೋರ. ಆಫ್ರಿಕಾದ ಕಾಡಾನೆ ಮೊದಲ ಮರಿ ಹಾಕುವ ಹೊತ್ತಿಗೆ ಸಾಮಾನ್ಯವಾಗಿ ಅದರ ವಯಸ್ಸು ಇಪ್ಪತ್ತು ದಾಟಿರುತ್ತದೆ. ಆಮೇಲೆ ಐದಾರು ವರ್ಷಕ್ಕೊಂದು ಮರಿ. 2002ರಿಂದ 2011ರವರೆಗೆ ದಂತಕ್ಕಾಗಿ ನಡೆದ ಬೇಟೆಯಲ್ಲಿ ಇವುಗಳ ಸಂಖ್ಯೆ ಸುಮಾರು ಶೇ. 62ರಷ್ಟು ಇಳಿಯಿತು. ಇಂದೇ ಬೇಟೆ ನಿಂತರೂ ಹಳೆಯ ಸಂಖ್ಯೆ ಮರಳಲು ಸುಮಾರು ತೊಂಬತ್ತು ವರ್ಷ ಬೇಕೆಂಬುದು ತಜ್ಞರ ಅಂದಾಜು.

ಪ್ರಾಣಿ ಹೋದರೂ ಮರವಾದರೂ ಉಳಿಯಿತಲ್ಲ ಎಂಬ ಸಮಾಧಾನವೂ ಇಲ್ಲಿ ಸಲ್ಲದು. ಬ್ರೆಜಿಲಿನ ಅಟ್ಲಾಂಟಿಕ್ ಕಾಡಿನಲ್ಲಿ ಜುಸಾರಾ ಎಂಬ ತಾಳೆಯಿದೆ. ಅದರ ದೊಡ್ಡ ಹಣ್ಣುಗಳನ್ನು ನುಂಗಿ ಬೀಜ ಹರಡುವುದು ಟೂಕಾನ್‌ನಂಥ ಅಗಲ ಬಾಯಿಯ ಹಕ್ಕಿಗಳು. ಅವು ಕಣ್ಮರೆಯಾದ ತುಂಡು ಕಾಡುಗಳಲ್ಲಿ ಜುಸಾರಾದ ಬೀಜವೇ ಚಿಕ್ಕದಾಗಿದೆ ಎಂದು 2013ರಲ್ಲಿ ಸಂಶೋಧಕರು ತೋರಿಸಿದರು. ಉಳಿದ ಪುಟ್ಟ ಹಕ್ಕಿಗಳ ಬಾಯಿಗೆ ಹಿಡಿಯುವುದು ಚಿಕ್ಕ ಬೀಜ ಮಾತ್ರ, ಹಾಗಾಗಿ ಅದರ ಸಂತತಿಯೇ ಮುಂದುವರಿದಿದೆ. ಚಿಕ್ಕ ಬೀಜ ಬೇಗ ಒಣಗುತ್ತದೆ. ಬರಗಾಲವೊಂದು ಬಂದರೆ ಮೊಳಕೆಯೇ ಅನುಮಾನ.

ಇನ್ನು ರಸ್ತೆ. ನನ್ನ ಮಟ್ಟಿಗೆ ಇದೇ ಮೂಲ. ಉಷ್ಣವಲಯದ ಬೇಟೆಯ ಬಗ್ಗೆ ನಡೆದ 176 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯ ಪ್ರಕಾರ, ಬೇಟೆ ನಡೆಯುವಲ್ಲಿ ಸಸ್ತನಿಗಳು ಶೇ. 83ರಷ್ಟು, ಹಕ್ಕಿಗಳು ಶೇ. 58ರಷ್ಟು ಕಡಿಮೆ. ರಸ್ತೆ ಅಥವಾ ಊರಿನಿಂದ ಹಕ್ಕಿಗಳ ಮೇಲಿನ ಪೆಟ್ಟು 7 ಕಿ.ಮೀ. ತನಕ ಚಾಚಿದರೆ, ಸಸ್ತನಿಗಳ ಮೇಲಿನದು 40 ಕಿ.ಮೀ. ಮುಟ್ಟುತ್ತದೆ. ಎಂದರೆ ಸುತ್ತಲೂ ರಸ್ತೆಯಿರುವ, 80 ಕಿ.ಮೀ.ಗಿಂತ ಕಡಿಮೆ ಅಗಲದ ಅರಣ್ಯಕ್ಕೆ ಸುರಕ್ಷಿತವಾದ ಒಳಭಾಗವೇ ಇಲ್ಲ! ನಕ್ಷೆಯ ಮೇಲೆ ಗಡಿ ಎಳೆಯುವವರು ಇದನ್ನು ಮರೆಯುತ್ತಾರೆ.

ಕಾಡಿನೊಳಗಿನ ಜನರನ್ನು ಒಕ್ಕಲೆಬ್ಬಿಸುವುದೇ ಪರಿಹಾರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಮೆಜಾನಿನಲ್ಲಿ ಮೂಲನಿವಾಸಿಗಳ ಕೈಯಲ್ಲಿರುವ ಕಾಡು ಸುತ್ತಲಿನ ನೆಲಕ್ಕಿಂತ ಚೆನ್ನಾಗಿ ಉಳಿದಿದೆ. ಆಗ್ನೇಯ ಏಷ್ಯಾದ ಉರುಳಿನ ಮಾಂಸ ಬಹಳಷ್ಟು ಸಾಗುವುದು ನಗರದ ಉಳ್ಳವರ ತಟ್ಟೆಗೆ. ಹಿಡಿಯಬೇಕಾದದ್ದು ಆ ತಟ್ಟೆಯನ್ನು. ರಕ್ಷಿತಾರಣ್ಯದೊಳಗೆ ಉರುಳಿನ ತಂತಿಯ ಸುರುಳಿ ಹೊತ್ತು ತಿರುಗುವುದೇ ಅಪರಾಧವಾಗಬೇಕು, ಏಕೆಂದರೆ ಕಟ್ಟಿದ ಮೇಲೆ ಉರುಳು ಯಾರದೆಂದು ಸಾಬೀತುಪಡಿಸುವುದು ಬಹಳ ಕಷ್ಟ. ರಸ್ತೆಗಳನ್ನು ಮುಚ್ಚಲೂಬಹುದು. ಕಾಂಗೊ ಕೊಳ್ಳದಲ್ಲಿ ಮರದ ಕಂಪನಿಗಳು ಕೆಲಸ ಮುಗಿಸಿ ಬಿಟ್ಟುಹೋದ ಎಷ್ಟೋ ರಸ್ತೆಗಳು ಗಿಡಗಂಟಿ ಬೆಳೆದು ತಾವೇ ಮುಚ್ಚಿಹೋಗಿವೆ. ಸೇತುವೆ ಕಿತ್ತು, ರಸ್ತೆಯ ಬಾಯಿಗೆ ಮಣ್ಣಿನ ದಿಬ್ಬ ಹಾಕಿದರೆ ಆ ಕೆಲಸ ಇನ್ನೂ ಬೇಗ ಆಗುತ್ತದೆ, ಖರ್ಚೂ ಹೆಚ್ಚಲ್ಲ.